ಅಮೆರಿಕದ ಸಾಗರೋತ್ತರ ಪ್ರಭುತ್ವ : ಸಂಡೂರಿನ ನಿದರ್ಶನದಿಂದ ಒಂದು ವಿಮರ್ಶೆ

ಅಮೆರಿಕದ ಸಂಯುಕ್ತ ಸಂಸ್ಥಾನವು ಸಮುದ್ರದಾಚೆಗೆ ಕೈಚಾಚಿದುದನ್ನು ಕುರಿತು ಇತಿಹಾಸಕಾರರಲ್ಲಿ ಎರಡು ಪ್ರಮುಖ ಪಕ್ಷಗಳುಂಟು. ಸ್ಯಾಮ್ಯುಯೆಲ್ ಫ್ಲ್ಯಾಗ್ ಬೆಮಿಸ್ ಅವರು 1936ರ ತಮ್ಮ ಗ್ರಂಥದಲ್ಲಿ, 1898ರ ಘಟನೆಗಳು ಆ ರಾಷ್ಟ್ರದ ಸಹಜ ಮಾರ್ಗದಿಂದಾದ ದೊಡ್ಡ ಚ್ಯುತಿ ಎಂದರು. ವಿಲಿಯಂ ಆಪಲ್‌ಮನ್ ವಿಲಿಯಮ್ಸ್ ಅವರು 1959ರಲ್ಲಿ ಮಾರುಕಟ್ಟೆಗಳ ಅನ್ವೇಷಣೆಯೇ ಆ ನೀತಿಯ ನಿರಂತರ ಪ್ರೇರಣೆಯೆಂದೂ, ನೆಲವನ್ನು ವಶಪಡಿಸಿಕೊಳ್ಳದೆಯೂ ಪ್ರಭುತ್ವ ನಡೆಸಬಹುದೆಂದೂ ವಾದಿಸಿದರು. ಇವುಗಳ ಬಲಾಬಲವನ್ನು ನಮ್ಮ ನೆಲದ ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

1898ರ ಡಿಸೆಂಬರಿನ ಪ್ಯಾರಿಸ್ ಒಪ್ಪಂದದಂತೆ ಸ್ಪೇನ್ ದೇಶವು ಪೋರ್ಟೊರಿಕೊ ಮತ್ತು ಗ್ವಾಮ್‌ಗಳನ್ನು ಬಿಟ್ಟುಕೊಟ್ಟಿತು. 2 ಕೋಟಿ ಡಾಲರುಗಳನ್ನು ಪಡೆದು ಫಿಲಿಪ್ಪೀನ್ಸ್ ದ್ವೀಪಗಳನ್ನೂ ಒಪ್ಪಿಸಿತು. ಅದೇ ಜೂನಿನಲ್ಲಿ ಸ್ವಾತಂತ್ರ್ಯ ಸಾರಿದ್ದ ಫಿಲಿಪ್ಪೀನರನ್ನು ಯಾರೂ ಕೇಳಲಿಲ್ಲ. ಕ್ಯೂಬದ ಸ್ಥಿತಿ ಬೇರೆ. ಅದು ಹೆಸರಿಗೆ ಸ್ವತಂತ್ರವಾಯಿತು. ಆದರೆ 1901ರ ಪ್ಲ್ಯಾಟ್ ತಿದ್ದುಪಡಿಯು ಅದರ ಆಂತರಿಕ ವ್ಯವಹಾರಗಳಲ್ಲಿ ಪ್ರವೇಶಿಸುವ ಹಕ್ಕನ್ನು ಅಮೆರಿಕಕ್ಕೆ ಕೊಟ್ಟಿತು. 1903ರಲ್ಲಿ ಗ್ವಾಂಟಾನಮೊ ನೌಕಾನೆಲೆಯೂ ಅಮೆರಿಕದ ಕೈಸೇರಿತು.

ಹೊಸಪೇಟೆಯ ಸುತ್ತಣ ವಿದ್ಯಾರ್ಥಿಗೆ ಈ ಎರಡು ಬಗೆಗಳೂ ಅಪರಿಚಿತವಲ್ಲ. 1800ರಲ್ಲಿ ನಿಜಾಮನು ತನ್ನ ರಕ್ಷಣೆಯ ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಹೊಸಪೇಟೆ, ಹಂಪಿ, ಕಂಪ್ಲಿಗಳು ಹೀಗೆ ಕೈಬದಲಾದವು. ರೈತರನ್ನು ಯಾರೂ ಕೇಳಲಿಲ್ಲ. ನಡುವೆ ಸುಮಾರು 160 ಚದರ ಮೈಲಿಯ ಸಂಡೂರು ಮಾತ್ರ ಘೋರ್ಪಡೆ ಮನೆತನದಲ್ಲಿ ಉಳಿಯಿತು. 1817ರಲ್ಲಿ ಪೇಶ್ವೆಯ ಪರವಾಗಿ ಮನ್ರೋ ಅದನ್ನು ವಶಪಡಿಸಿಕೊಂಡನು. ಪೇಶ್ವೆಯ ಪತನದ ಬಳಿಕ ಅದು ಶಿವರಾವ್ ಘೋರ್ಪಡೆಗೆ ಮರಳಿತು. 1826ರಲ್ಲಿ ಸನ್ನದೂ ದೊರೆಯಿತು. ಕಿತ್ತುಕೊಳ್ಳಬಲ್ಲವನೇ ಹಿಂದಕ್ಕೆ ಕೊಟ್ಟನೆಂಬುದನ್ನು ಗಮನಿಸಬೇಕು. ಮುಂದೆ ಆಂಗ್ಲ ಸೈನಿಕರ ಆರೋಗ್ಯಧಾಮವು ಸಂಡೂರಿನದೇ ಆದ ರಾಮನದುರ್ಗದಲ್ಲಿ ಏರ್ಪಟ್ಟಿತು. 1949ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಗುವ ತನಕ ಸಂಡೂರು ಸಂಸ್ಥಾನವೆಂದೇ ಕರೆಯಿಸಿಕೊಂಡಿತು.

ಸಂಡೂರು ಬ್ರಿಟಿಷ್ ಚಕ್ರಾಧಿಪತ್ಯದ ಹೊರಗಿತ್ತೆಂದು ಯಾರೂ ಹೇಳುವುದಿಲ್ಲ. ಹಾಗಾದರೆ ಕ್ಯೂಬವನ್ನು ಅಮೆರಿಕದ ಪ್ರಭುತ್ವದ ಲೆಕ್ಕದಿಂದ ಬಿಡುವುದು ಹೇಗೆ? ಬೆಮಿಸ್ ಅವರ ಪಕ್ಷಕ್ಕೆ ಆಧಾರವಿಲ್ಲದಿಲ್ಲ: ಫಿಲಿಪ್ಪೀನ್ಸ್ 1946ರಲ್ಲಿ ಸ್ವತಂತ್ರವಾಯಿತು, ಪ್ಲ್ಯಾಟ್ ತಿದ್ದುಪಡಿ 1934ರಲ್ಲಿ ರದ್ದಾಯಿತು. ಆದರೆ 1867ರಲ್ಲಿಯೇ ಅಲಾಸ್ಕವನ್ನು ಕೊಂಡು ಮಿಡ್‌ವೇ ದ್ವೀಪವನ್ನು ತನ್ನದಾಗಿಸಿಕೊಂಡ ರಾಷ್ಟ್ರಕ್ಕೆ 1898ನ್ನು ಆಕಸ್ಮಿಕವೆನ್ನುವುದು ಸಲ್ಲದು. ತಿದ್ದುಪಡಿ ಹೋದರೂ ಗ್ವಾಂಟಾನಮೊ ಇಂದಿಗೂ ಉಳಿದಿದೆ.

ವಿಲಿಯಮ್ಸ್ ಅವರ ಪಕ್ಷವೇ ಪ್ರಬಲವೆಂದು ನಮಗೆ ತೋರುತ್ತದೆಯಾದರೂ ಅದಕ್ಕೂ ಮಿತಿಯುಂಟು. 1817ರ ದಂಡಯಾತ್ರೆಯ ಹತ್ತಿರದ ಕಾರಣ ಸಂಡೂರಿನ ಮಾರುಕಟ್ಟೆಯಲ್ಲ, ಪೇಶ್ವೆಯೊಡನಿದ್ದ ರಾಜಕೀಯ ಸಂಬಂಧ. ಗ್ವಾಮ್‌ನಂಥ ಪುಟ್ಟ ದ್ವೀಪದ ಬೆಲೆಯೂ ಅಲ್ಲಿನ ಕೊಳ್ಳುವವರಲ್ಲಿರಲಿಲ್ಲ, ಹಡಗಿನ ದಾರಿಯಲ್ಲಿತ್ತು. ನೌಕಾಬಲವನ್ನು ಕುರಿತ ಮಹಾನ್ ಅವರ 1890ರ ಗ್ರಂಥವನ್ನು ಮರೆತು ವ್ಯಾಪಾರವೊಂದನ್ನೇ ಹಿಡಿದರೆ ಚಿತ್ರ ಪೂರ್ಣವಾಗದು.

ಹಂಪಿಯ ನೆರಳಿನಲ್ಲಿ ಬೆಳೆದವರಿಗೆ 'ಸಾಮ್ರಾಜ್ಯ' ಎಂಬ ಶಬ್ದ ವೈಭವವನ್ನೇ ನೆನಪಿಗೆ ತರುತ್ತದೆ. ರಾಬರ್ಟ್ ಸೂಯೆಲ್ ವಿಜಯನಗರವನ್ನು ಮರೆತ ಸಾಮ್ರಾಜ್ಯವೆಂದು ಕರೆದ ಗ್ರಂಥ 1900ರಲ್ಲಿ ಹೊರಬಂದಾಗ, ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕದ ಸೈನ್ಯ ಯುದ್ಧ ನಡೆಸುತ್ತಿತ್ತು. ಅಧ್ಯಾಪಕರಾದ ನಾವು ಅಮೆರಿಕದ ವಿಷಯದಲ್ಲಿ 'ವಿಸ್ತರಣೆ'ಯೆಂಬ ಮೃದುವಾದ ಮಾತನ್ನು ಬಳಸುತ್ತ ಹೋದರೆ, ವಿದ್ಯಾರ್ಥಿಯು ಹೆಸರನ್ನು ಕಲಿತಾನೇ ಹೊರತು ವಸ್ತುವನ್ನಲ್ಲ. ಆಳುವವನ ಧ್ವಜ ಎಲ್ಲಿ ಹಾರುತ್ತದೆಂದು ಕೇಳಿದರೆ ಸಾಲದು. ಕೊನೆಯ ತೀರ್ಮಾನ ಯಾರದೆಂದು ಕೇಳಬೇಕು. ಈ ಪ್ರಶ್ನೆಯನ್ನು ಕೇಳಲು ಸಂಡೂರಿನ ಕಣಿವೆಗಿಂತ ಉತ್ತಮವಾದ ಪಾಠಶಾಲೆ ನಮ್ಮ ವಿದ್ಯಾರ್ಥಿಗಳಿಗೆ ಬೇರೆ ಬೇಕಿಲ್ಲ.