ರಾಕಿಗೆ ಒಂದೇ ಮೂಡು

‘ಕೆಜಿಎಫ್ ಚಾಪ್ಟರ್ 2’ ಸಿನಿಮಾ 2022ರ ಏಪ್ರಿಲ್ 14ರಂದು ತೆರೆಗೆ ಬಂತು. ಅದಕ್ಕೆ ಕೆಲವೇ ದಿನ ಮುಂಚೆ ಅದರ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಇನ್ನೊಂದು ಕೆಜಿಎಫ್ ಕಟ್ಟುವುದಾಗಿ ಹೇಳಿತ್ತು: ಕೆಜಿಎಫ್‌ವರ್ಸ್. ‘ಎಲ್ ಡೊರಾಡೊ’ ಎಂಬ ಡಿಜಿಟಲ್ ಟೋಕನ್ ಕೊಂಡವರು ಸಿನಿಮಾದ ಲೋಕದೊಳಗೆ ಅವತಾರ ತಳೆಯಬಹುದು ಎಂಬುದು ಅದರ ಆಮಿಷ. ಮೆಟಾವರ್ಸ್ ಎಂಬ ಮಾತು ಆ ವರ್ಷ ಜಾತ್ರೆಯ ಪೀಪಿಯ ಹಾಗೆ ಎಲ್ಲ ಕಡೆ ಕೇಳುತ್ತಿತ್ತು. ಆ ವ್ಯಾಪಾರದ ಲಾಭನಷ್ಟ ನನ್ನ ವಿಷಯವಲ್ಲ. ನನ್ನ ಪ್ರಶ್ನೆ ಚಿಕ್ಕದು: ಅಂಥ ಲೋಕಕ್ಕೆ ಹೋದವನಿಗೆ ಬೇಸರವಾದರೆ ಅವನ ಅವತಾರ ಹೇಗೆ ನಿಲ್ಲಬೇಕು?

ಸಿನಿಮಾದ ನಾಯಕ ರಾಕಿಗೆ ಹೆಚ್ಚುಕಡಿಮೆ ಒಂದೇ ಮೂಡು. ಯಶ್ ಅವರ ರಾಕಿ ತಾಯಿಯನ್ನು ನೆನೆಯುವಾಗಲೂ ಒಳಗೊಳಗೆ ಕುದಿಯುತ್ತಿರುತ್ತಾನೆ. ನಿರ್ದೇಶಕ ಪ್ರಶಾಂತ್ ನೀಲ್ ಆ ಕುದಿತವನ್ನೇ ಶೈಲಿಯಾಗಿಸಿಕೊಂಡರು, ಸಿನಿಮಾಕ್ಕೆ ಅದು ಒಪ್ಪಿತು ಕೂಡ. ಆದರೆ ನೋಡಿ ಎದ್ದುಬರುವ ಸಿನಿಮಾ ಬೇರೆ, ದಿನವೂ ಹೋಗಿ ಕೂರಬೇಕಾದ ಲೋಕ ಬೇರೆ. ಚಿತ್ರೀಕರಣ ನಡೆದ ಸೈನೈಡ್ ದಿಬ್ಬಗಳ, ಅಂದರೆ ಗಣಿತ್ಯಾಜ್ಯದ ಗುಡ್ಡಗಳ, ಕೆಳಗಿನ ನಿಜವಾದ ಕೆಜಿಎಫ್ ಊರಿನ ಮೂಡಂತೂ ರಾಕಿಯದ್ದಲ್ಲ. 2001ರ ಫೆಬ್ರವರಿ 28ರಂದು ಅಲ್ಲಿನ ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಆಮೇಲೆ ಉಳಿದದ್ದು ಕಾಯುವ ಕೆಲಸ: ಬಾಕಿ ಹಣಕ್ಕೆ, ಕ್ವಾರ್ಟರ್ಸ್ ಮನೆಯ ಹಕ್ಕಿಗೆ, ಬಂಗಾರಪೇಟೆ ಮೇಲಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿಗೆ. ಕಾಯುವವನ ಮುಖಕ್ಕೆ ಯಾವ ಆಟದ ಮೆನುವಿನಲ್ಲೂ ಬಟನ್ ಇಲ್ಲ.

ಆ ರೈಲಿನಲ್ಲಿ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಎಂಬ ಬಂದೂಕಿನಾಟವನ್ನೇ ನೋಡಿ. 2021ರ ಜುಲೈಯಲ್ಲಿ ಬಂದ ಈ ಆಟದಲ್ಲಿ ‘ಇಮೋಟ್’ಗಳಿವೆ. ಎದುರಾಳಿಯನ್ನು ಉರುಳಿಸಿ ಕುಣಿಯಬಹುದು, ಕೈಬೀಸಬಹುದು, ಅಣಕಿಸಬಹುದು. ದುಡ್ಡು ಕೊಟ್ಟರೆ ಇನ್ನಷ್ಟು ಸೊಗಸಿನ ಕುಣಿತ. ನಮ್ಮ ನಾಟ್ಯಶಾಸ್ತ್ರದ ನಾಲ್ಕು ಅಭಿನಯಗಳನ್ನು ಇಟ್ಟು ಅಳೆದರೆ ಊನ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಆಹಾರ್ಯಕ್ಕೆ ಅಂಗಡಿಯೇ ಇದೆ: ಅಂಗಿ, ಹೆಲ್ಮೆಟ್, ಬಂದೂಕಿನ ಬಣ್ಣ. ಆಂಗಿಕಕ್ಕೆ ಇಮೋಟ್, ವಾಚಿಕಕ್ಕೆ ಮೈಕ್. ಸಾತ್ತ್ವಿಕಕ್ಕೆ ಏನೂ ಇಲ್ಲ. ಬೆವರು, ನಡುಕ, ರೋಮಾಂಚ, ಗದ್ಗದ ಇವೆಲ್ಲ ಮನಸ್ಸು ತುಂಬಿದಾಗ ಮೈ ತಾನಾಗಿ ತೋರುವಂಥವು. ನಟನೂ ಅವನ್ನು ಸುಲಭಕ್ಕೆ ತರಲಾರ, ಬಟನ್ ಹೇಗೆ ತಂದೀತು? ಅವತಾರ ಅಳಬೇಕಾದರೆ ಅಳುವವನು ಮೊದಲು ಕಣ್ಣೊರೆಸಿಕೊಂಡು ಮೆನುವಿನಲ್ಲಿ ಅಳು ಎಲ್ಲಿದೆಯೆಂದು ಹುಡುಕಬೇಕು.

ಆ ಕೊರತೆಯನ್ನು ತುಂಬುವುದು ಮೈಕ್. ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಬೀದಿಯಲ್ಲಿ ಕೇಳುವ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಹುಡುಗನೊಬ್ಬ ತಮಿಳಿನಲ್ಲಿ ಶುರುಮಾಡಿ, ತೆಲುಗಿನಲ್ಲಿ ಛೇಡಿಸಿ, ಕನ್ನಡದಲ್ಲಿ ಬೈದು ಮುಗಿಸುವಷ್ಟರಲ್ಲಿ ಅವನ ಮೂಡು ಏನೆಂದು ತಂಡಕ್ಕೆಲ್ಲ ಗೊತ್ತಾಗಿರುತ್ತದೆ. ಪರದೆಯ ಮೇಲೆ ಅವನ ಅವತಾರ ಮಾತ್ರ ಕಲ್ಲುಮುಖ ಹೊತ್ತು ಪೊದೆಯಲ್ಲಿ ಕೂತಿರುತ್ತದೆ.

ಇಷ್ಟು ಹೇಳಿದರೂ ಅವತಾರಕ್ಕೆ ಮನಸ್ಸೇ ಇಲ್ಲ ಎನ್ನಲಾರೆ. 2003ರಲ್ಲಿ ಲಿಂಡೆನ್ ಲ್ಯಾಬ್ ಶುರುಮಾಡಿದ ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಲೋಕ ಇಂದು ಹಳೆಯ ಸರಕಿನಂತೆ ಕಾಣಬಹುದು, ಆದರೆ ನನಗೆ ಅದರ ಎರಡು ಸಣ್ಣ ಏರ್ಪಾಡುಗಳ ಮೇಲೆ ಗೌರವವಿದೆ. ಮಾತು ಟೈಪ್ ಮಾಡುತ್ತಿರುವಾಗ ಅವತಾರ ಗಾಳಿಯಲ್ಲಿ ಬೆರಳಾಡಿಸುತ್ತದೆ. ನಗು ಬರಿಸುವ ದೃಶ್ಯವೇ ಸರಿ, ಆದರೂ ‘ತಾಳಿ, ಏನೋ ಹೇಳಲಿದ್ದೇನೆ’ ಎಂಬುದು ಎದುರಿನವರಿಗೆ ಮುಟ್ಟುತ್ತದೆ. ತುಂಬ ಹೊತ್ತು ಕೀಬೋರ್ಡ್ ಮುಟ್ಟದೆ ಬಿಟ್ಟರೆ ಅವತಾರದ ತಲೆ ಜೋತುಬೀಳುತ್ತದೆ. ಎರಡನ್ನೂ ಯಾರೂ ಆರಿಸಿ ಒತ್ತುವುದಿಲ್ಲ, ಸಾತ್ತ್ವಿಕಕ್ಕೆ ಹತ್ತಿರದ್ದು ಎಂದರೆ ಇದೇ. ಸೆಕೆಂಡ್ ಲೈಫ್ ಕುರಿತು ಸಂಶೋಧಕರಾದ ನಿಕ್ ಯೀ, ಜೆರೆಮಿ ಬೇಲೆನ್ಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು: ಆ ಲೋಕದಲ್ಲೂ ಗಂಡು ಅವತಾರಗಳು ಪರಸ್ಪರ ಹೆಚ್ಚು ದೂರ ನಿಲ್ಲುತ್ತವೆ, ಒಂದನ್ನೊಂದು ಕಡಿಮೆ ನೋಡುತ್ತವೆ. ತೀರ ಹತ್ತಿರ ಬಂದರೆ ಮುಖ ತಿರುಗಿಸಿಕೊಳ್ಳುತ್ತವೆ. ಯಾರ ಪಕ್ಕ ನಿಂತೆ, ಎಷ್ಟು ಹೊತ್ತು ನಿಂತೆ, ಯಾವಾಗ ಬೆನ್ನು ತೋರಿಸಿದೆ ಎಂಬುದರಲ್ಲಿ ಮುನಿಸು, ಸಲಿಗೆ, ಅಂಜಿಕೆ ಎಲ್ಲವೂ ಸೋರಿ ಹೊರಬರುತ್ತವೆ. ವಿನ್ಯಾಸ ಮಾಡುವವರು ಹೊಸ ಇಮೋಟ್ ಮಾರುವ ಬದಲು ಇದಕ್ಕೆ ಜಾಗ ಬಿಟ್ಟರೆ ಸಾಕು. ಕೂರಲು ಒಂದು ಜಗಲಿ, ಸುಮ್ಮನೆ ನಿಲ್ಲಲು ಒಂದು ಮೂಲೆ.

ಉದ್ಯಮ ಹಿಡಿದ ದಾರಿ ಬೇರೆ. 2022ರ ಅಕ್ಟೋಬರಿನಲ್ಲಿ ಮೆಟಾ ಹೊರತಂದ ಕ್ವೆಸ್ಟ್ ಪ್ರೊ ಹೆಡ್‌ಸೆಟ್ಟಿನೊಳಗೆ ಮುಖದತ್ತ ತಿರುಗಿದ ಕ್ಯಾಮೆರಾಗಳಿದ್ದವು. ಹುಬ್ಬು ಏರಿದರೆ ಅವತಾರದ ಹುಬ್ಬೂ ಏರುತ್ತದೆ, ತುಟಿ ಕೊಂಕಿದರೆ ಅದೂ ಕೊಂಕುತ್ತದೆ. ಚಿತ್ರಗಳು ಹೆಡ್‌ಸೆಟ್ಟಿನಲ್ಲೇ ಅಳಿಸಿಹೋಗುತ್ತವೆ, ಬೇಡವಾದವರು ಈ ಸೌಲಭ್ಯವನ್ನು ಬಿಡಬಹುದು ಎಂದು ಕಂಪನಿ ಹೇಳಿತು. ಕೊನೆಗೂ ಸಾತ್ತ್ವಿಕ ಸಿಕ್ಕಿತು ಎಂದು ಕುಣಿಯಲು ನನಗೆ ಆಗದು. ರಂಗದ ಮೇಲೆ ನಟ ತನ್ನ ಗದ್ಗದವನ್ನು ಕೊಡುವುದು ಎದುರು ಕೂತ ಸಭೆಗೆ. ಇಲ್ಲಿ ಅದು ಮೊದಲು ಕಂಪನಿಯ ಯಂತ್ರದ ಲೆಕ್ಕಕ್ಕೆ ಸಿಕ್ಕಬೇಕು.

ಈ ಹಿಂಜರಿಕೆ ಚಿನ್ನದ ಗಣಿಯ ಊರಿಗೆ ಹೊಸದಲ್ಲ. 1930ರಲ್ಲಿ ಗಣಿಯ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ದಿನವೂ ಮೈಯನ್ನು ಪಾತಾಳಕ್ಕೆ ಇಳಿಸುತ್ತಿದ್ದವರು ಹೆಬ್ಬೆರಳಿನ ಗುರುತು ಕೊಡಲು ಒಪ್ಪಲಿಲ್ಲ. ದುಡಿಮೆ ಮಾರಾಟಕ್ಕಿತ್ತು, ಗುರುತು ಇರಲಿಲ್ಲ. ನನ್ನ ಹುಬ್ಬಿನ ವಿಷಯದಲ್ಲಿ ನಾನೂ ಅವರ ಪಕ್ಷದವನೇ. ಅವತಾರದ ಮುಖ ಕಲ್ಲಾಗಿಯೇ ಇರಲಿ, ಬೈಯಬೇಕೆನಿಸಿದಾಗ ಮೈಕ್ ಇದೆ.