ಮಂಚದ ಪಕ್ಕದ ಸುಳ್ಳು

ಒಂಬತ್ತನೇ ತರಗತಿಯ ಮಕ್ಕಳಿಗೆ ಒಮ್ಮೆ ‘ಸತ್ತರು’ ಎಂಬುದಕ್ಕೆ ಸಮಾನಾರ್ಥಕ ಪದಗಳನ್ನು ಹೇಳಿ ಎಂದಿದ್ದೆ. ಬೋರ್ಡು ತುಂಬಿಹೋಯಿತು. ತೀರಿಕೊಂಡರು, ಕಾಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಎಕ್ಸ್‌ಪೈರ್ ಆದರು, ಮಿಸ್” ಎಂದ. ಮಕ್ಕಳೊಂದಿಗೆ ನಾನೂ ನಕ್ಕೆ. ಮಾತ್ರೆಯ ಪಟ್ಟಿಯ ಬೆನ್ನಿಗೆ ಅಚ್ಚಾಗುವ ಮಾತು ಆಸ್ಪತ್ರೆಯ ಬಾಗಿಲಿನಿಂದ ನಮ್ಮ ಮನೆಗಳಿಗೂ ಬಂದಿದೆ. ಸಂಜೆ ಅಡಿಗೆ ಮಾಡುತ್ತಿರುವಾಗ ಇನ್ನೊಂದು ಹೊಳೆಯಿತು. ಈ ಪದಗಳೆಲ್ಲ ಸತ್ತ ಮೇಲಿನವು. ಸಾಯುತ್ತಿರುವವರ ಬಗ್ಗೆ ನಾವು ಹೇಳುವುದು “ಈಗಲೋ ಆಗಲೋ” ಎಂದು, ಇಲ್ಲವೇ “ಸೀರಿಯಸ್” ಎಂದು. ಅದನ್ನೂ ಅವರ ಎದುರಿಗೆ ಹೇಳುವುದಿಲ್ಲ, ಹಜಾರಕ್ಕೆ ಬಂದು ಪಿಸುಗುಟ್ಟುತ್ತೇವೆ.

ನಾನೂ ಹೀಗೆ ಪಿಸುಗುಟ್ಟಿದವಳೇ. ನಮ್ಮ ಅತ್ತೆಗೆ ಪಿತ್ತಕೋಶದ ಕ್ಯಾನ್ಸರ್ ಇದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ನನ್ನ ಯಜಮಾನರನ್ನು ಹೊರಗೆ ಕರೆದು ಹೇಳಿದರು. ಮನೆಗೆ ಕರೆತಂದೆವು. ಗ್ಯಾಸ್ಟ್ರಿಕ್ ಎಂದು ಅವರಿಗೆ ಹೇಳಿದೆವು. ಒಂದು ಮಧ್ಯಾಹ್ನ ಅವರು, “ಮಾರಾಯ್ತಿ, ಆ ಸೀರೆ ಟ್ರಂಕು ಒಂದ್ಸಲ ಇಲ್ಲಿಗೆ ತಾ” ಎಂದರು. “ಈಗ್ಯಾಕೆ ಅತ್ತೆ? ದೀಪಾವಳಿಗೆ ನೀವೇ ಎದ್ದು ತೆಗೆಯಿರಂತೆ” ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಆಗ್ಲಿ” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಒಂಬತ್ತನೆಯ ದಿನ ಹೋಗಿಬಿಟ್ಟರು. ಯಾವ ಸೀರೆ ಯಾರಿಗೆ ಎಂದು ಅವರು ಹೇಳಬೇಕೆಂದಿದ್ದರೋ ಆ ಮಾತು ಅವರ ಜೊತೆಗೇ ಹೋಯಿತು. ವರ್ಷಾಂತಿಕದ ದಿನ ಟ್ರಂಕು ತೆಗೆದಾಗ ನಾದಿನಿಯರ ನಡುವೆ ಸಣ್ಣದಾಗಿ ಮಾತಿಗೆ ಮಾತು ಬೆಳೆಯಿತು. ಅದಕ್ಕೆ ಕಾರಣ ನಾನು ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಆ ವರ್ಷವೇ ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ ನನ್ನ ಕೈಗೆ ಬಂದದ್ದು. 1886ರಲ್ಲಿ ಪ್ರಕಟವಾದ ಚಿಕ್ಕ ಪುಸ್ತಕ. ಇವಾನ್ ಇಲಿಚ್ ಒಬ್ಬ ನ್ಯಾಯಾಧೀಶ. ಹೊಸ ಮನೆಗೆ ಪರದೆ ಕಟ್ಟುವಾಗ ಏಣಿಯಿಂದ ಜಾರಿ ಪಕ್ಕೆಗೆ ಪೆಟ್ಟಾಗುತ್ತದೆ. ಅಲ್ಲಿಂದ ನೋವು ಶುರು. ಡಾಕ್ಟರುಗಳು ಇದು ಮೂತ್ರಪಿಂಡವೋ ಕರುಳೋ ಎಂದು ಚರ್ಚಿಸುತ್ತಾರೆ. ತಾನು ಬದುಕುತ್ತೇನೋ ಇಲ್ಲವೋ ಎಂಬ ರೋಗಿಯ ಪ್ರಶ್ನೆ ಅವರ ಲೆಕ್ಕದಲ್ಲೇ ಇಲ್ಲ. ತಾನು ಕಟಕಟೆಯಲ್ಲಿ ನಿಂತವರನ್ನು ನೋಡುತ್ತಿದ್ದ ಹಾಗೆಯೇ ಈ ಡಾಕ್ಟರು ತನ್ನನ್ನು ನೋಡುತ್ತಿದ್ದಾನೆ ಎಂದು ಅವನಿಗೆ ಗೊತ್ತಾಗುತ್ತದೆ. ನೋವಿಗಿಂತ ಹೆಚ್ಚಾಗಿ ಅವನನ್ನು ಸುಡುವುದು ಸುತ್ತಲಿನವರ ಸುಳ್ಳು. ಬರೀ ಕಾಯಿಲೆ, ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ ಎನ್ನುವ ಸುಳ್ಳು. ಆ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿಟ್ಟೆ. ಎರಡು ದಿನ ತೆರೆಯಲಿಲ್ಲ.

ಆ ಮನೆಯಲ್ಲಿ ಸುಳ್ಳು ಹೇಳದವನು ಗೆರಾಸಿಮ್ ಎಂಬ ಹಳ್ಳಿಯ ಹುಡುಗ, ಕೆಲಸದವನು. ಯಜಮಾನನ ಮಲಮೂತ್ರ ತೆಗೆಯುತ್ತಾನೆ. ನೋವು ಕಡಿಮೆಯಾಗುತ್ತದೆಂದು ಅವನ ಕಾಲುಗಳನ್ನು ತನ್ನ ಹೆಗಲ ಮೇಲಿಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಾನೆ. ಎಲ್ಲರೂ ಒಂದು ದಿನ ಸಾಯುವವರೇ, ಇಷ್ಟು ಮಾಡಿದರೇನು ಎಂಬುದು ಅವನ ಲೆಕ್ಕ.

ಇದನ್ನು ಓದುವಾಗ ನನಗೆ ಅನಂತಮೂರ್ತಿಯವರ ‘ಸಂಸ್ಕಾರ’ದ ಚಂದ್ರಿ ನೆನಪಾದಳು. 1965ರ ಆ ಕಾದಂಬರಿಯನ್ನು ನಾವೆಲ್ಲ ಕಾಲೇಜಿನಲ್ಲಿ ಜಾತಿ, ಧರ್ಮ, ಬ್ರಾಹ್ಮಣ್ಯದ ಪ್ರಶ್ನೆಯೆಂದೇ ಓದಿದವರು. ನಾರಣಪ್ಪನ ಹೆಣ ಕೊಳೆಯುತ್ತಿದೆ. ಅಗ್ರಹಾರ ಊಟವಿಲ್ಲದೆ ಶಾಸ್ತ್ರ ನೋಡುತ್ತಿದೆ. ಕೊನೆಗೆ ಆ ಹೆಣವನ್ನು ಸುಡಿಸುವವಳು ಚಂದ್ರಿ. ಗಾಡಿಯವನು ಒಪ್ಪದಿದ್ದಾಗ ಮೀನು ವ್ಯಾಪಾರದ ಅಹಮದ್ ಬ್ಯಾರಿಯನ್ನು ಕೇಳಿ, ರಾತ್ರೋರಾತ್ರಿ ಕೆಲಸ ಮುಗಿಸುತ್ತಾಳೆ. ಒಬ್ಬ ರಷ್ಯಾದ ಜವಾನ, ಒಬ್ಬಳು ಮಲೆನಾಡಿನ ಸೂಳೆ. ಸಾವಿನ ಎದುರು ಏನು ಮಾಡಬೇಕೆಂದು ಎರಡೂ ಕಡೆ ಗೊತ್ತಿರುವುದು ಓದು ಬರಹದ ಅಧಿಕಾರವಿಲ್ಲದವರಿಗೆ.

ಆದರೆ ಈ ಇಬ್ಬರು ದೊಡ್ಡ ಲೇಖಕರ ಮೇಲೂ ನನ್ನದೊಂದು ತಕರಾರಿದೆ. ಪ್ರಾಣೇಶಾಚಾರ್ಯರ ಹೆಂಡತಿ ಭಾಗೀರಥಿ ವರ್ಷಗಟ್ಟಲೆ ಹಾಸಿಗೆ ಹಿಡಿದವಳು. ಅವಳ ಸೇವೆ ಗಂಡನಿಗೆ ಮೋಕ್ಷದ ಮೆಟ್ಟಿಲು. ಅವಳಿಗೂ ಪ್ಲೇಗು ತಗಲುತ್ತದೆ, ಸಾಯುತ್ತಾಳೆ, ಆಚಾರ್ಯರು ಸುಟ್ಟು ಹೊರಟುಹೋಗುತ್ತಾರೆ. ಕಾದಂಬರಿಯೂ ಅವರ ಹಿಂದೆಯೇ ಹೊರಟುಬಿಡುತ್ತದೆ. ಅಷ್ಟು ವರ್ಷ ಮಾಡು ನೋಡುತ್ತ ಮಲಗಿದ್ದವಳು ಸಾವಿನ ಬಗ್ಗೆ ಏನು ತಿಳಿದಿದ್ದಳು ಎಂದು ಯಾರೂ ಕೇಳುವುದಿಲ್ಲ. ಟಾಲ್‌ಸ್ಟಾಯ್ ಕೂಡ ಇವಾನನ ಹೆಂಡತಿಗೆ ನ್ಯಾಯ ಮಾಡಿಲ್ಲ. ಗಂಡನ ಹೆಣ ಮನೆಯಲ್ಲಿರುವಾಗಲೇ ಅವಳಿಂದ ಪಿಂಚಣಿಯ ವಿಚಾರ ಕೇಳಿಸುತ್ತಾನೆ. ಅವಳು ಬರೀ ಸ್ವಾರ್ಥಕ್ಕೆ ಸುಳ್ಳಾಡಿದಳೆಂದು ನಾನು ಒಪ್ಪಲಾರೆ. ಗೆರಾಸಿಮನಿಗೆ ನಿಜ ಹೇಳುವುದು ಸುಲಭ, ಆ ಮನೆಯ ನಾಳೆ ಅವನದಲ್ಲ. ಮಂಚದ ಪಕ್ಕ ಕೂತ ನಮಗೆ ಬಾಯಿ ಬಿಟ್ಟರೆ ಅಳು ಬರುತ್ತದೆ. ಅತ್ತರೆ ಗಂಜಿ ಕಾಯಿಸುವವರು ಯಾರು? ಹಾಗೆಂದು ನನ್ನ ಸುಳ್ಳು ಒಳ್ಳೆಯದಾಗುವುದಿಲ್ಲ. ಅತ್ತೆಗೆ ಅದರಿಂದ ನೆಮ್ಮದಿ ಸಿಕ್ಕಲಿಲ್ಲ. ಸಿಕ್ಕಿದ್ದು ನನಗೆ.

ಇನ್ನು ಧರ್ಮ. ಅತ್ತೆಯ ಬಾಯಿಗೆ ತುಳಸಿ ನೀರು ಬಿಟ್ಟೆವು, ಆಮೇಲೆ ಗರುಡ ಪುರಾಣ ಓದಿಸಿದೆವು. ಹದಿಮೂರು ದಿನ ಏನು ಮಾಡಬೇಕೆಂದು ಪುರೋಹಿತರು ಗಂಟೆ ಗಂಟೆಗೂ ಹೇಳಿದರು. ನಡುಗುವ ಕೈಗಳಿಗೆ ಅದೊಂದು ಆಸರೆಯೇ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಆ ಮುಂಚಿನ ಒಂಬತ್ತು ದಿನಗಳಿಗೆ ನಮ್ಮ ಹತ್ತಿರ ಯಾವ ವಿಧಿಯೂ ಇರಲಿಲ್ಲ. ಕಠೋಪನಿಷತ್ತಿನಲ್ಲಿ ನಚಿಕೇತ ಸತ್ತ ಮೇಲೆ ಏನೆಂದು ಕೇಳಿದಾಗ ಸಾಕ್ಷಾತ್ ಯಮನೇ ಮಾತು ಮರೆಸಲು ನೋಡುತ್ತಾನೆ. ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳು, ದನಕರು, ಆನೆ, ಕುದುರೆ, ಚಿನ್ನ ಏನು ಬೇಕಾದರೂ ಕೇಳು, ಇದೊಂದನ್ನು ಬಿಡು ಎನ್ನುತ್ತಾನೆ. ನನ್ನ ದೀಪಾವಳಿಯೂ ಅದೇ ಜಾತಿಯದು. ಹುಡುಗ ಹಟ ಬಿಡಲಿಲ್ಲ, ಯಮ ಮೆಚ್ಚಿ ಉತ್ತರ ಹೇಳಿದ. ಅತ್ತೆ ಹಟ ಮಾಡುವವರಾಗಿರಲಿಲ್ಲ. ಬುದ್ಧನ ಹತ್ತಿರ ಸತ್ತ ಕೂಸನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಸಾವಿಲ್ಲದ ಮನೆಯ ಸಾಸಿವೆ ತರಲು ಹೇಳಿದ ಕಥೆ ನಿಮಗೆಲ್ಲ ಗೊತ್ತು. ನನಗೆ ಅದರಲ್ಲಿ ಹಿಡಿಸಿದ್ದು ಇಷ್ಟು: ಬುದ್ಧ ಅವಳಿಗೆ ಮೊದಲೇ ಉಪದೇಶ ಮಾಡಲಿಲ್ಲ. ನಾಲ್ಕು ಮನೆಯವರ ಜೊತೆ ಸಾವಿನ ಮಾತಾಡಿ ಬಾ ಎಂದು ಕಳಿಸಿದ.

ವೈದ್ಯಶಾಸ್ತ್ರ ಈ ಮಾತಿಗೆ ಬಂದದ್ದು ತಡವಾಗಿ. ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ವೈದ್ಯೆ ಅಮೆರಿಕದ ಶಿಕಾಗೋದಲ್ಲಿ ಸಾವು ಹತ್ತಿರವಾದ ರೋಗಿಗಳನ್ನು ಮಾತಾಡಿಸಲು ಹೊರಟಾಗ, ಅಂಥವರು ತಮ್ಮ ವಾರ್ಡಿನಲ್ಲಿ ಇಲ್ಲವೆಂದೇ ಡಾಕ್ಟರುಗಳು ಹೇಳಿದರಂತೆ. ಮಾತಿಗೆ ಕೂತರೆ ಬಹಳ ರೋಗಿಗಳು ಕಾದಿದ್ದವರ ಹಾಗೆ ಮಾತಾಡಿದರು. 1969ರಲ್ಲಿ ಅವರ ಪುಸ್ತಕ ಬಂತು. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನೇ ಜನ ಬಾಯಿಪಾಠ ಮಾಡಿದರು. ಎಲ್ಲರೂ ಆ ಸಾಲಿನಲ್ಲೇ ದಾಟುವುದಿಲ್ಲ. ಆದರೆ ಹೇಳದಿದ್ದರೂ ರೋಗಿಗೆ ಗೊತ್ತಿರುತ್ತದೆ ಎಂದು ಅವರು ಕಂಡದ್ದು ನಿಜ. ಅತ್ತೆ ನನ್ನ ಮುಖ ನೋಡಿದ ಆ ಗಳಿಗೆ ನನಗೆ ಸಾಕ್ಷಿ.

ಈಗ ಕಾನೂನೂ ಒಂದು ಬಾಗಿಲು ತೆರೆದಿದೆ. ಘನತೆಯಿಂದ ಸಾಯುವುದೂ ಹಕ್ಕು ಎಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಹೇಳಿತು. ವಾಸಿಯಾಗುವ ಆಸೆಯೇ ಇಲ್ಲದಾಗ ವೆಂಟಿಲೇಟರಿನಂಥ ಚಿಕಿತ್ಸೆ ಬೇಡವೆಂದು ಆರೋಗ್ಯವಾಗಿರುವಾಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳಿದ್ದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿಯಾದರೆ ಸಾಕೆಂದು 2023ರಲ್ಲಿ ಕ್ರಮವನ್ನು ಸರಳ ಮಾಡಿದರು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಒಳ್ಳೆಯದೇ. ಆದರೆ ಆ ಕಾಗದ ಬರೆಯಬೇಕಾದರೆ ಮೊದಲು ಮನೆಯಲ್ಲಿ ಯಾರಾದರೂ ಒಬ್ಬರು ಆ ಮಾತು ತೆಗೆಯಬೇಕು, ಇನ್ನೊಬ್ಬರು ಕೂತು ಕೇಳಬೇಕು.

ಇವಾನ್ ಇಲಿಚ್ ಕೊನೆಯಲ್ಲಿ ಹೆಂಡತಿಗೆ ‘ಕ್ಷಮಿಸು’ ಎನ್ನಲು ಹೋಗುತ್ತಾನೆ. ನಾಲಿಗೆ ತಪ್ಪಿ ‘ದಾರಿ ಬಿಡು’ ಎಂಬರ್ಥದ ರಷ್ಯನ್ ಮಾತು ಬರುತ್ತದೆ. ತಿದ್ದಲು ಶಕ್ತಿಯಿಲ್ಲ, ಹಾಗೇ ಬಿಡುತ್ತಾನೆ. ಅತ್ತೆಯ ‘ಆಗ್ಲಿ’ ಎಂಬುದರಲ್ಲಿ ಇವೆರಡರಲ್ಲಿ ಯಾವುದಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೋದ ಬೇಸಿಗೆ ರಜೆಯಲ್ಲಿ ಮಗಳು ಬಂದಿದ್ದಳು. ನನ್ನ ಬೀರು ತೆಗೆದು, ಮದುವೆಯ ಧಾರೆ ಸೀರೆಯನ್ನೂ, ಬ್ಯಾಂಕಿನ ಪಾಸ್‌ಬುಕ್ಕನ್ನೂ, ನನಗೆ ಯಾವ ಚಿಕಿತ್ಸೆ ಬೇಡವೆಂದು ಬರೆದ ಹಾಳೆಯನ್ನೂ ಮಂಚದ ಮೇಲಿಟ್ಟೆ. “ಅಮ್ಮಾ, ಈಗ್ಯಾಕೆ ಇದೆಲ್ಲಾ? ನಿಂಗೇನಾಗಿದೆ?” ಎಂದಳು. ನನ್ನದೇ ಮಾತು ನನಗೆ ತಿರುಗಿ ಬಂದಿತ್ತು. “ಏನೂ ಆಗಿಲ್ಲ. ಅದಕ್ಕೇ ಈಗ. ಕೂತ್ಕೊ” ಎಂದೆ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಬಂದು ಕೂತಳು.