ಎಣ್ಣೆ ಸವರುವ ಕೈ
ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಓಲೆಗರಿಯ ಆರೈಕೆ ನೋಡಬೇಕು. ಮೆತ್ತನೆಯ ಕುಂಚದಿಂದ ದೂಳು ತೆಗೆದು, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಗೀರುಗಳಿಗೆ ಮಸಿ ತಿಕ್ಕಿ ಒರೆಸುತ್ತಾರೆ. ಬರಿದಾಗಿ ಕಾಣುತ್ತಿದ್ದ ಗರಿಯಲ್ಲಿ ಅಕ್ಷರ ಎದ್ದು ಬರುತ್ತದೆ! ಆ ಕ್ಷಣಕ್ಕೆ ಸಾಟಿಯಿಲ್ಲ. ಮೇಲೆ ನಿಂಬೆಹುಲ್ಲಿನ ಎಣ್ಣೆ ಸವರಿದರೆ ಒಣಗಿ ಪೆಡಸಾದ ಗರಿ ಮತ್ತೆ ಬಾಗುತ್ತದೆ, ಹುಳು ಹತ್ತಿರ ಸುಳಿಯದು.

ಕೌಟಿಲ್ಯನ ಅರ್ಥಶಾಸ್ತ್ರ ಉಳಿದದ್ದು ಇಂಥವೇ ಗರಿಗಳಲ್ಲಿ. ಆ ಗರಿಗಳ ಕಟ್ಟನ್ನು ಈ ಸಂಶೋಧನಾಲಯಕ್ಕೆ ತಂದುಕೊಟ್ಟವರು ತಂಜಾವೂರು ಕಡೆಯ ಪಂಡಿತರೊಬ್ಬರು. ಅದರ ಗ್ರಂಥಲಿಪಿ ಓದಿ ಕೃತಿಯನ್ನು ಗುರುತಿಸಿದವರು ಅಲ್ಲಿಯ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಗಿ ಅದು ಲೋಕದ ಸೊತ್ತಾಯಿತು. ಓಲೆಗರಿ ಉಳಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳೆಯ ಮನೆಗಳವರೇ, ಅಟ್ಟದ ಮೇಲೆ ಓಲೆಗರಿ ಸಿಕ್ಕರೆ ದಯವಿಟ್ಟು ಹೊಳೆಗೆ ಬಿಡಬೇಡಿ. ಮೈಸೂರಿನ ಸಂಶೋಧನಾಲಯಕ್ಕೆ ತಂದು ತೋರಿಸಿ.